ಟೆಸ್ಟರನ ಕೈ

ಗೀಸರ್ ರಿಪೇರಿ ಮಾಡುವವರ ಜೇಬಿನಲ್ಲಿ ಒಂದು ಟೆಸ್ಟರ್ ಇದ್ದೇ ಇರುತ್ತದೆ. ಪುಟ್ಟ ಸ್ಕ್ರೂಡ್ರೈವರ್ ತರಹದ್ದು. ಕರೆಂಟ್ ಇರುವ ಕಡೆ ತಾಗಿಸಿದರೆ ಹಿಡಿಯೊಳಗಿನ ದೀಪ ಕೆಂಪಗೆ ಮಿಣುಕುತ್ತದೆ. ಇವನ ಜೇಬಿನಲ್ಲಿ ಅದು ಇರಲಿಲ್ಲ. ಅದಕ್ಕೇ ಎಲ್ಲರೂ ಇವನನ್ನೇ ಟೆಸ್ಟರ್ ಎಂದು ಕರೆಯುತ್ತಿದ್ದರು.

ಅವನ ಕ್ರಮ ಹೀಗೆ. ಬಚ್ಚಲಿಗೆ ಹೋದವನೇ ಚಪ್ಪಲಿ ಬಿಡುವುದು. ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿ ಅದರಲ್ಲೇ ಬರಿಗಾಲಲ್ಲಿ ನಿಲ್ಲುವುದು. ಗೀಸರ್ ಹಾಕಿಸಿ, ಬಲಗೈ ಒದ್ದೆ ಮಾಡಿಕೊಂಡು, ಬೆರಳುಗಳ ಹಿಂಬದಿಯನ್ನು ನಲ್ಲಿಗೆ ಮೆತ್ತಗೆ ತಾಗಿಸುವುದು. ಅಂಗೈ ತಾಗಿಸಬಾರದು. ಕರೆಂಟ್ ಹೊಡೆದರೆ ಅಂಗೈ ಮುಚ್ಚಿಕೊಂಡು ನಲ್ಲಿಯನ್ನೇ ಗಟ್ಟಿ ಹಿಡಿದುಬಿಡುತ್ತದೆ. ಕೈ ಹಿಂಬದಿಯಾದರೆ ತಾನಾಗಿ ಹಿಂದಕ್ಕೆ ಹಾರುತ್ತದೆ. ಇದನ್ನು ಬೇರೆಯವರೂ ಬಲ್ಲರು. ಆದರೆ ಇವನ ಕೈ ದೀಪ ಹತ್ತದಷ್ಟು ಸಣ್ಣ ಕರೆಂಟನ್ನೂ ಹಿಡಿಯುತ್ತಿತ್ತು. ಇರುವೆ ಹರಿದ ಹಾಗಾಯಿತು ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ನೀರು ಕಾಯಿಸುವ ಕಾಯಿಲ್ ಮೇಲೆ ಕೂದಲೆಳೆಯಂಥ ಬಿರುಕು ಇದ್ದೇ ಇರುತ್ತಿತ್ತು.

ಉಳಿದ ತೊಂದರೆಗಳಿಗೆಲ್ಲ ಅವನ ಹತ್ತಿರ ಒಂದೊಂದೇ ಮಾತು. ನೀರು ಕಾಯದಿದ್ದರೆ ಮೊದಲು ಸ್ವಿಚ್ಚು, ಆಮೇಲೆ ಥರ್ಮೋಸ್ಟಾಟು, ಕೊನೆಗೆ ಕಾಯಿಲು. ಟ್ಯಾಂಕು ಗೊರಗೊರ ಎಂದರೆ ಒಳಗೆ ಸುಣ್ಣ ಕಟ್ಟಿದೆ. ಪಕ್ಕದ ವಾಲ್ವ್ ತೊಟ್ಟಿಕ್ಕಿದರೆ ಬಟ್ಟೆ ತುರುಕಬೇಡಿ, ಟ್ಯಾಂಕು ಉಸಿರು ಬಿಡುವುದು ಅಲ್ಲೇ. ನೀರು ಕೆಂಪಗೆ ಬಂದರೆ ಟ್ಯಾಂಕಿನ ಹೊಟ್ಟೆ ತುಕ್ಕು ತಿಂದಿದೆ, ಹೊಸದು ತಗೊಳ್ಳಿ. ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಜನಕ್ಕೆ ಬೇಕಾಗಿದ್ದು ಅವನ ಮಾತಲ್ಲ, ಕೈ. ಅವನು ನಲ್ಲಿ ಮುಟ್ಟುವಾಗ ಮನೆಯವರೆಲ್ಲ ಬಾಗಿಲಲ್ಲಿ ಗುಂಪು ಕಟ್ಟಿಕೊಂಡು ನೋಡುತ್ತಿದ್ದರು.

ಅವನು ಕೆಲಸ ಮಾಡುತ್ತಿದ್ದ ಅಂಗಡಿ ಹೆಂಡತಿಯ ಅಣ್ಣನದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಡ ಹೆಂಡತಿಯ ಸಂಸಾರ. ಅದೂ ಭಾವನದೇ. ಒಂದು ಕಿಟಕಿ. ಅದರ ಹೊರಗೆ ಹಳೇ ಗೀಸರ್ ಟ್ಯಾಂಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ಬೆಳಕು ಬರುತ್ತಿರಲಿಲ್ಲ.

ಭಾವ ನಗಿಸುವ ಮನುಷ್ಯ. ಅಂಗಡಿಗೆ ಬಂದವರು ನಗದೆ ಹೋಗಬಾರದು. ನಗುವುದಕ್ಕೆ ಟೆಸ್ಟರ್ ಇದ್ದ.

"ಇವನು ನನ್ನ ತಂಗಿ ಗಂಡ" ಎಂದು ಪರಿಚಯ ಮಾಡಿಕೊಡುತ್ತಿದ್ದ. "ತಂಗಿಗೆ ಗಂಡು ಹುಡುಕೋಕೆ ಹೋದೆ, ಸ್ಕ್ರೂಡ್ರೈವರ್ ಸಿಕ್ತು. ಬಿಸಾಕೋಕೆ ಮನಸ್ಸು ಬರಲಿಲ್ಲ."

ಟೆಸ್ಟರನೂ ನಗುತ್ತಿದ್ದ. ಅವನಿಗಿಂತ ಮೊದಲಿನಿಂದ ಆ ಅಂಗಡಿಯಲ್ಲಿದ್ದ ಹಳೇ ಮೆಕ್ಯಾನಿಕ್‌ಗೆ ಕಣ್ಣು ಮಂಜಾದಾಗ ಭಾವ ಏನು ಮಾಡಿದನೆಂದು ಅವನು ನೋಡಿದ್ದ. ಭಾವ ಬೈಯಲಿಲ್ಲ. ನಗುನಗುತ್ತಲೇ ಆ ಮುದುಕನ ಸ್ಟೂಲನ್ನು ತೆಗೆದು ರಸ್ತೆಯಲ್ಲಿಟ್ಟ. ಅದೂ ಮುದುಕ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ. ಮುದುಕ ಸ್ವಲ್ಪ ಹೊತ್ತು ರಸ್ತೆಯಲ್ಲೇ ಕೂತಿದ್ದು, ಆಮೇಲೆ ಬುತ್ತಿ ಕಟ್ಟಿಕೊಂಡು ಹೋದ. ಕೈ ಇರುವ ತನಕ ಕೋಣೆ, ಕೈ ಹೋದ ದಿನ ಸ್ಟೂಲು ರಸ್ತೆಗೆ. ಇದು ಟೆಸ್ಟರನಿಗೂ ಗೊತ್ತು, ಅವನ ಹೆಂಡತಿಗೂ ಗೊತ್ತು.

ಒಂದು ಬೆಳಿಗ್ಗೆ ಮೂರನೇ ಮಹಡಿಯ ಮನೆಯೊಂದರಿಂದ ಕರೆ ಬಂತು. ಅತ್ತೆ, ಮಗ, ಸೊಸೆ ಇದ್ದ ಮನೆ. ಮಗ ಯಾವುದೋ ಗೋದಾಮಿನಲ್ಲಿ ಲೆಕ್ಕದವನು. ಫೋನಿನಿಂದ ತಲೆ ಎತ್ತುವವನಲ್ಲ. ಸೊಸೆ ಸಣಕಲು ಹೆಂಗಸು. ಅವಳೇ ಬಚ್ಚಲು ತೋರಿಸಿ, ನಲ್ಲಿ ಮುಟ್ಟಿದರೆ ಕಚ್ಚುತ್ತದೆ, ಮೈಮೇಲೆ ನೀರು ಬಿದ್ದರೂ ಜುಮ್ಮೆನ್ನುತ್ತದೆ ಎಂದಳು.

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. ಈ ಮನೆಗೆ ಬಂದಾಗಿನಿಂದ ಇವಳಿಗೆ ಎಲ್ಲವೂ ಕಚ್ಚುತ್ತದೆ ಎಂದಳು. ಅತ್ತೆಯ ಮಾತು ಕಚ್ಚುತ್ತದೆ, ಪಾತ್ರೆ ತೊಳೆಯುವ ಸೋಪು ಕಚ್ಚುತ್ತದೆ, ಬೆಳಿಗ್ಗೆ ಬೇಗ ಏಳುವುದು ಕಚ್ಚುತ್ತದೆ. ಈಗ ನೀರು ಸಿಕ್ಕಿದೆ. ಮಗ ಸ್ನಾನ ಮಾಡುವುದಿಲ್ಲವೆ, ಅವನಿಗೆ ಯಾಕೆ ಕಚ್ಚುವುದಿಲ್ಲ?

ಅವರು ಸ್ವಿಚ್ ಆರಿಸಿ ಒಳಗೆ ಹೋಗುತ್ತಾರೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ತನ್ನದು ಕೊನೆಯ ಸ್ನಾನ, ನೀರು ಅಷ್ಟರಲ್ಲಿ ಆರಿರುತ್ತದೆ, ಹಾಕಿಕೊಂಡೇ ಮಾಡಬೇಕು.

ಟೆಸ್ಟರ್ ಚಪ್ಪಲಿ ಬಿಟ್ಟ. ನೀರು ಚೆಲ್ಲಿ ನಿಂತ. ಸ್ವಿಚ್ ಹಾಕಲು ಹೇಳಿದ. ಬಚ್ಚಲಿನ ಹೊರಗೆ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ಅವನು ಕೈ ಒದ್ದೆ ಮಾಡಿಕೊಂಡು ನಲ್ಲಿಗೆ ತಾಗಿಸಿದ.

ಇರುವೆ ಹರಿಯಲಿಲ್ಲ. ಇನ್ನೊಮ್ಮೆ ತಾಗಿಸಿದ. ಏನೂ ಇಲ್ಲ. ಮೇಲಿನ ಪೈಪು ಮುಟ್ಟಿದ. ಅಲ್ಲೂ ಏನಿಲ್ಲ.

"ಏನಂತಪ್ಪ ನಿನ್ನ ಕೈ?" ಎಂದಳು ಅತ್ತೆ.

"ಏನೂ ಇಲ್ಲಮ್ಮ."

ಸೊಸೆ ಮುಂದೆ ಬಂದು, ನೋಡಿ ಅಣ್ಣ ಎಂದು ತಾನೇ ನಲ್ಲಿ ಮುಟ್ಟಿದಳು. ಅವಳ ಕೈ ಛಟ್ಟನೆ ಹಿಂದಕ್ಕೆ ಹಾರಿ ಮೊಣಕೈ ಬಾಗಿಲಿಗೆ ಬಡಿಯಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಟಕದವರ ಮನೆಯಲ್ಲಿ ಹುಟ್ಟಬೇಕಿತ್ತು ಇವಳು ಎಂದಳು. ಮಗನೂ ಫೋನ್ ನೋಡುತ್ತಲೇ ನಕ್ಕ.

ಅಂಥ ಹಾರುವಿಕೆಯನ್ನು ಟೆಸ್ಟರ್ ಬೇಕಾದಷ್ಟು ನೋಡಿದ್ದ. ಬೇಕೆಂದು ಹಾರಿಸಿದ ಕೈ ಯಾವುದು, ತಾನಾಗಿ ಹಾರಿದ ಕೈ ಯಾವುದು ಎಂದು ಅವನ ಕಣ್ಣಿಗೆ ಗೊತ್ತಿತ್ತು. ಆದರೆ ಕಣ್ಣಿನ ಮಾತು ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ. ಕೈ ಇಲ್ಲ ಎಂದಿತ್ತು. ಗೀಸರ್ ಸರಿಯಿದೆ, ಬಿಚ್ಚುವುದು ಬೇಡ ಎಂದು ಸಾಮಾನು ಎತ್ತಿಕೊಂಡ. ಹೊರಡುವಾಗ ಅಡುಗೆಮನೆಯ ಒಲೆಯ ಮೇಲೆ ಒಂದು ದೊಡ್ಡ ಪಾತ್ರೆ ನೀರು ಕುದಿಯುತ್ತಿತ್ತು. ಪಾತ್ರೆಯ ಒಳಗೋಡೆಗೆ ಸುಣ್ಣ ಬೆಳ್ಳಗೆ ಕಟ್ಟಿತ್ತು. ಗೀಸರ್ ಇರುವ ಮನೆಯಲ್ಲಿ ಇಷ್ಟು ನೀರು ಯಾಕೆ ಕಾಸುತ್ತಾರೆ ಎನ್ನಿಸಿತು. ಅಷ್ಟಕ್ಕೇ ಬಿಟ್ಟ.

ಅದಾಗಿ ಕೆಲವು ದಿನ ಕಳೆದವು. ಹೆಂಡತಿ ಬಟ್ಟೆ ಒಗೆಯುತ್ತಿದ್ದಳು, ಒಲೆಯ ಮೇಲಿನ ನೀರು ಇಳಿಸಿ ಎಂದು ಕೂಗಿದಳು. ಅವನು ಪಾತ್ರೆಯ ಅಂಚು ಹಿಡಿದು ಇಳಿಸಿ ತಂದು ಅವಳ ಮುಂದಿಟ್ಟ. ಅವಳು ಮೂಗರಳಿಸಿ ಏನೋ ಸುಟ್ಟ ವಾಸನೆ ಎಂದಳು. ಆಮೇಲೆ ಅವನ ಕೈ ಕಡೆ ನೋಡಿದಳು. ಮಸಿಬಟ್ಟೆ ಗೂಟದಲ್ಲೇ ಇತ್ತು. ಬೆರಳುಗಳ ಚರ್ಮ ಬೆಳ್ಳಗೆ ಉಬ್ಬುತ್ತಿತ್ತು. ಅವನು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ, ಏನಾಯಿತು ಎನ್ನುವ ಹಾಗೆ.

ಅವಳು ಅವನನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿ ಸೂಜಿಯಿಂದ ಒಂದೊಂದೇ ಬೆರಳು ಚುಚ್ಚಿದಳು. ಯಾವುದು ಎಂದು ಕೇಳಿದಳು. ಇನ್ನೂ ಚುಚ್ಚಿಲ್ಲವಲ್ಲ ಎಂದ. ಕಣ್ಣು ಬಿಟ್ಟಾಗ ಎಲ್ಲ ಬೆರಳ ತುದಿಯಲ್ಲೂ ಕೆಂಪು ಚುಕ್ಕಿ ಇತ್ತು.

ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಬಹಳ ದಿನದಿಂದ ಇದೆ, ನೋಡಿಕೊಂಡಿಲ್ಲ, ಪಾದದ ನರ, ಕೈ ನರ ಎರಡೂ ಹೋಗಿವೆ. ಔಷಧಿ ತಗೊಂಡರೆ ಕಾಯಿಲೆ ಹತೋಟಿಗೆ ಬರುತ್ತದೆ, ಕೈ ವಾಪಸ್ ಬರುವುದಿಲ್ಲ.

ಹೆಂಡತಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಒಂದೇ ಮಾತು ಹೇಳಿದಳು. "ಅಣ್ಣನಿಗೆ ಗೊತ್ತಾಗಬಾರದು."

ಅವಳೇ ಹೋಗಿ ಒಂದು ಟೆಸ್ಟರ್ ಕೊಂಡು ತಂದಳು. ಅವನ ಅಂಗಿಯ ಒಳಗೆ ಒಂದು ಕಳ್ಳ ಜೇಬು ಹೊಲಿದಳು. ಅಲ್ಲಿಂದ ಮುಂದೆ ಅವನು ಮನೆಯವರ ಮುಂದೆ ಎಂದಿನ ಹಾಗೆ ಕೈ ತಾಗಿಸುತ್ತಿದ್ದ. ಆಮೇಲೆ ಗಾಳಿ ಆಡಬಾರದು ಎಂದೋ ನೀರು ಸಿಡಿಯುತ್ತದೆ ಎಂದೋ ಹೇಳಿ ಬಾಗಿಲು ಮುಚ್ಚಿಕೊಂಡು, ಕಳ್ಳ ಜೇಬಿನ ದೀಪ ನೋಡಿಕೊಂಡು ಹೊರಗೆ ಬಂದು, ಇರುವೆ ಹರಿಯಿತು ಎನ್ನುತ್ತಿದ್ದ. ಕೆಲಸ ಸಾಗಿತು. ಜನ ಮೊದಲಿನ ಹಾಗೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

ಮೂರನೇ ಮಹಡಿಯ ಮನೆ ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಹೋಗಿ ಇನ್ನೊಮ್ಮೆ ನೋಡಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿದ. ಯಾಕೆ ಎಂದು ಅವರು ಕೇಳಿದರೆ ಏನು ಹೇಳುತ್ತೀರಿ ಎಂದಳು ಅವಳು. ಆ ಬೀದಿಯ ಕಡೆ ಕೆಲಸ ಬಿದ್ದರೆ ಪಕ್ಕದ ಬೀದಿಯಿಂದ ಬಳಸಿಕೊಂಡು ಹೋಗತೊಡಗಿದ.

ಕೊನೆಗೆ ಆ ಮನೆಯಿಂದಲೇ ಮಗ ಅಂಗಡಿಗೆ ಬಂದ. ಗೀಸರ್ ಪೂರ್ತಿ ನಿಂತಿದೆ, ನೀರು ಬೆಚ್ಚಗೂ ಆಗುವುದಿಲ್ಲ ಎಂದ. ಭಾವ ಟೆಸ್ಟರನ ಬೆನ್ನು ತಟ್ಟಿ ಕಳಿಸಿದ.

ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಟೆಸ್ಟರ್ ಮೇನ್ ಆರಿಸಿ, ಟ್ಯಾಂಕಿನ ನೀರು ಬಸಿದು, ಕೆಳಗಿನ ಮುಚ್ಚಳ ಬಿಚ್ಚಿ ಕಾಯಿಲ್ ಎಳೆದ. ಕಾಯಿಲ್ ಉದ್ದಕ್ಕೂ ಒಡೆದಿತ್ತು. ಕೂದಲೆಳೆಯಲ್ಲ, ಉಗುರು ತೂರಿಸಬಹುದಾದಷ್ಟು ಬಿರುಕು. ಬಿರುಕಿನ ಸುತ್ತ ಹಸಿರು ಕಿಲುಬು. ಅದು ಒಂದೆರಡು ದಿನದ್ದಲ್ಲ. ಕರೆಂಟನ್ನು ಭೂಮಿಗೆ ಒಯ್ಯಬೇಕಾದ ಅರ್ತ್ ವೈರನ್ನು ಯಾರೋ ಮಹಾನುಭಾವ ಎಲ್ಲಿಗೂ ಕಟ್ಟದೆ ಸುತ್ತಿ ಮುಚ್ಚಳದೊಳಗೆ ತುರುಕಿದ್ದ. ಅಂದರೆ ಒಡೆದ ಕಾಯಿಲಿನ ಕರೆಂಟು ಅಷ್ಟು ದಿನವೂ ನೀರಿಗೆ, ನಲ್ಲಿಗೆ, ನಲ್ಲಿ ಮುಟ್ಟಿದವರ ಮೈಗೆ ಹೋಗುತ್ತಿತ್ತು.

ಅವನು ಕಾಯಿಲ್ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟ. ಸೊಸೆ ಎಲ್ಲಿ ಎಂದು ಕೇಳಿದ.

ಅಕ್ಕನ ಮನೆಗೆ ಕಳಿಸಿದ್ದೇವೆ ಎಂದಳು ಅತ್ತೆ. ತಲೆ ಸರಿಯಿಲ್ಲದವಳನ್ನು ಇಟ್ಟುಕೊಂಡು ಏನು ಮಾಡುವುದು. ನೀರು ಕಂಡರೆ ನಡುಗುತ್ತಿದ್ದಳು. ಸ್ನಾನಕ್ಕೆ ಹೋಗೆಂದರೆ ಅಳು. ಸ್ವಿಚ್ ಆರಿಸಿ ಒಳಗೆ ಹೋಗುತ್ತಿದ್ದಳು, ಕಳ್ಳಿ. ನಾನು ಹೊರಗೆ ನಿಂತು ಮತ್ತೆ ಹಾಕುತ್ತಿದ್ದೆ ಎಂದಳು.

"ಹೊರಗಿಂದ ಹಾಕ್ತಿದ್ರಾ?"

"ಮತ್ತೆ? ನೀನೇ ಹೇಳಿದ್ದೆಯಲ್ಲ, ಏನೂ ಇಲ್ಲ ಅಂತ. ರೋಗ ಬಿಡಿಸಬೇಕಲ್ಲ."

ಒಲೆಯ ಮೇಲೆ ಅದೇ ದೊಡ್ಡ ಪಾತ್ರೆ ಇತ್ತು. ಸುಣ್ಣ ಈಗ ಹಕ್ಕಳೆ ಏಳುವಷ್ಟು ದಪ್ಪವಾಗಿತ್ತು. ಟೆಸ್ಟರ್ ಅದನ್ನೇ ನೋಡಿದ. ಇದು ಯಾರ ಸ್ನಾನಕ್ಕೆ ಎಂದು ಕೇಳಿದ.

ಅತ್ತೆ ಮುಚ್ಚಿಡಲಿಲ್ಲ. ಅವನ ಎದುರು ಸ್ಟೂಲ್ ಎಳೆದುಕೊಂಡು ಕೂತಳು.

"ನನಗೇ ಅಪ್ಪ. ನನಗೂ ಒಂದ್ಸಲ ಕಚ್ಚಿತ್ತು, ಅವಳಿಗಿಂತ ಮುಂಚೆ. ಅವತ್ತಿಂದ ನಾನು ಒಲೆ ನೀರು ಕಾಸ್ಕೋತೀನಿ."

"ಹೇಳಬಹುದಿತ್ತಲ್ಲಮ್ಮ."

"ನಾನ್ಯಾಕೆ ಹೇಳಲಿ? ನಿನ್ನ ಕೈ ಏನೂ ಇಲ್ಲ ಅಂದಿತ್ತಲ್ಲ. ಅವತ್ತೇ ನನಗೆ ಗೊತ್ತಾಯ್ತು, ಇವನ ಕೈ ಸತ್ತಿದೆ ಅಂತ. ಬಡವ, ಹೊಟ್ಟೆ ಮೇಲೆ ಯಾಕೆ ಹೊಡೀಲಿ ಅಂತ ಸುಮ್ಮನಿದ್ದೆ." ಅವಳು ನಿಜವಾಗಿಯೂ ಉಪಕಾರ ಮಾಡಿದವಳ ಮುಖ ಮಾಡಿಕೊಂಡಿದ್ದಳು. "ಈಗ ನೀನು ನನಗೊಂದು ಉಪಕಾರ ಮಾಡು. ಭಾನುವಾರ ಅವಳ ಅಕ್ಕನ ಮನೇಲಿ ಮಾತುಕತೆ ಇದೆ. ಸಂಬಂಧ ಹರ್ಕೋತೀವಿ. ತಪ್ಪು ನಮ್ಮದಲ್ಲ, ಹುಡುಗಿ ತಲೆ ಕೆಟ್ಟದ್ದು ಅಂತ ಅವರು ಒಪ್ಪಬೇಕು. ನೀನು ಬಂದು ಅವತ್ತು ಹೇಳಿದ್ದನ್ನೇ ಹೇಳು. ಸುಳ್ಳೇನೂ ಹೇಳಬೇಡ. ಕೈಗೆ ಏನೂ ತಗುಲಲಿಲ್ಲ ಅಂತ. ನಿಜ ತಾನೆ?"

ಅವನು ಹೊಸ ಕಾಯಿಲ್ ಹಾಕಿದ. ಅರ್ತ್ ವೈರ್ ಕಟ್ಟಿದ. ಹಳೆಯ ಕಾಯಿಲನ್ನು ಅಲ್ಲಿ ಬಿಡದೆ ಪೇಪರಿನಲ್ಲಿ ಸುತ್ತಿಕೊಂಡು ಬಂದು ಮಂಚದ ಕೆಳಗಿಟ್ಟ.

ಹೆಂಡತಿಗೆ ಎಲ್ಲ ಹೇಳಿದ. ಆ ಹುಡುಗಿ ನಮ್ಮ ಮನೆ ಮಗಳಾ ಎಂದು ಕೇಳಿದಳು. ಅಲ್ಲ ಎಂದ. ಹಾಗಾದರೆ ಹೋಗಿ ಹೇಳಿದ್ದನ್ನೇ ಹೇಳಿ ಬನ್ನಿ, ಹೇಗೂ ಸಂಬಂಧ ಹರಿಯುವುದೇ ಇದೆ, ನೀವು ಬಾಯಿ ಬಿಟ್ಟರೆ ಅದೇನು ಕೂಡಿಕೊಳ್ಳುತ್ತದೆಯೇ, ನಮ್ಮ ಸ್ಟೂಲು ಬೀದಿಗೆ ಬೀಳುತ್ತದೆ ಅಷ್ಟೇ ಎಂದಳು. ತಪ್ಪು ಮಾತಲ್ಲ. ಅವನಿಗೂ ಅದು ಗೊತ್ತಿತ್ತು. ಆದರೆ ಆ ಹುಡುಗಿಯ ಮೊಣಕೈ ಬಾಗಿಲಿಗೆ ಬಡಿದ ಸದ್ದು ಅವನ ಕಿವಿಯಿಂದ ಹೋಗುತ್ತಿರಲಿಲ್ಲ. ಒಬ್ಬಳನ್ನು ಹುಚ್ಚಿ ಮಾಡಿ ತಾನು ಗಟ್ಟಿ ಕೈಯವನು ಎನ್ನಿಸಿಕೊಳ್ಳುವುದು ಹೇಗೆ? ಆ ಹುಡುಗಿ ತಲೆ ಎತ್ತಿಕೊಂಡು ಓಡಾಡುವುದು ಬೇಡವೆ?

ಅತ್ತೆ ಅಂಗಡಿಗೂ ಹೇಳಿ ಕಳಿಸಿದ್ದಳು, ಭಾನುವಾರ ಭಾವನೂ ಜೊತೆಗೆ ಹೊರಟ. ಅಂಗಡಿಯ ಹೆಸರಿನ ಮಾತು, ನಾನೂ ಇರಬೇಕು ಎಂದ. ನಿಜ ಹೇಳಬೇಕೆಂದರೆ ಅವನಿಗೆ ಬೇರೆಯವರ ಮನೆಯ ಜಗಳ ನೋಡುವುದೆಂದರೆ ಇಷ್ಟ.

ಅಕ್ಕನ ಮನೆ ಒಂದು ಟೈಲರಿಂಗ್ ಅಂಗಡಿಯ ಮೇಲಿತ್ತು. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ನೆಲದ ಮೇಲೆ ಅಂಗಿಗಳ ರಾಶಿ. ಸೊಸೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು. ಮೊದಲಿಗಿಂತ ಮೈಕೈ ತುಂಬಿಕೊಂಡಿದ್ದಳು. ಇವರು ಬಂದಾಗ ತಲೆ ಎತ್ತಿ ನೋಡಿ ಮತ್ತೆ ಸೂಜಿಗೆ ದಾರ ಪೋಣಿಸಿದಳು. ಅಕ್ಕ ಬಾಗಿಲ ಹತ್ತಿರ ನಿಂತಳು. ಅಕ್ಕನ ಗಂಡ ನಡುಮಧ್ಯೆ ಕುರ್ಚಿ ಹಾಕಿಕೊಂಡಿದ್ದ. ಎದುರಿಗೆ ಅತ್ತೆ, ಮಗ.

ಅತ್ತೆ ಬಹಳ ನಯವಾಗಿ ಶುರು ಮಾಡಿದಳು. ಹುಡುಗಿ ಒಳ್ಳೆಯವಳೇ, ಆದರೆ ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕಚ್ಚುತ್ತದೆ. ನಾವು ಬರೀ ಬಾಯಿಮಾತು ನಂಬಲಿಲ್ಲ, ತಿಳಿದವನನ್ನೇ ಕರೆಸಿ ನೋಡಿಸಿದೆವು. ಇವನನ್ನೇ ಕೇಳಿ.

ಎಲ್ಲರೂ ಟೆಸ್ಟರನ ಕಡೆ ತಿರುಗಿದರು. ಅವನು ಚೀಲದಿಂದ ಪೇಪರ್ ಕಟ್ಟು ತೆಗೆದು ಬಿಚ್ಚಿ ಕಾಯಿಲನ್ನು ನೆಲದ ಮೇಲಿಟ್ಟ.

"ಕರೆಂಟ್ ಇತ್ತು" ಎಂದ. "ಕಾಯಿಲ್ ಒಡೆದಿತ್ತು, ನೋಡಿ. ಆಯಮ್ಮ ಹೇಳಿದ್ದೇ ಸರಿ. ನನ್ನ ಕೈಗೆ ಗೊತ್ತಾಗಲಿಲ್ಲ. ನನ್ನ ಕೈ ಸತ್ತಿದೆ."

ಮೊದಲು ನಕ್ಕವನು ಭಾವ. ಏನು ಸತ್ತಿದೆ ಎಂದು ಕೇಳಿದ. ಟೆಸ್ಟರ್ ಮತ್ತೆ ಹೇಳಿದ. ಭಾವ ಎದ್ದು ಹೊಲಿಗೆ ಯಂತ್ರದ ಮೇಲಿದ್ದ ಗುಂಡುಸೂಜಿಯೊಂದನ್ನು ತಗೊಂಡ. ಟೆಸ್ಟರನ ಗಲ್ಲ ಹಿಡಿದು ಮುಖವನ್ನು ಗೋಡೆಗೆ ತಿರುಗಿಸಿದ.

"ಯಾವ ಬೆರಳು ಹೇಳು."

ಟೆಸ್ಟರ್ ಗೋಡೆ ನೋಡುತ್ತಾ ಕಿರುಬೆರಳು ಎಂದ. ಸೂಜಿ ಹೆಬ್ಬೆರಳಿನಲ್ಲಿ ನಿಂತಿತ್ತು. ಅಕ್ಕನ ಗಂಡ ಕುರ್ಚಿ ಮುಂದಕ್ಕೆಳೆದುಕೊಂಡ. ಭಾವ ಸೂಜಿ ಕಿತ್ತು ಇನ್ನೊಂದು ಕಡೆ ಹಾಕಿ, ಈಗ ಎಂದ. ತೋರುಬೆರಳು ಎಂದ. ಅದೂ ಅಲ್ಲ. ಅಷ್ಟು ಹೊತ್ತು ಫೋನ್ ನೋಡುತ್ತಿದ್ದ ಮಗ ಈಗ ಫೋನ್ ಕೆಳಗಿಟ್ಟು ನೋಡತೊಡಗಿದ. ತಾನೂ ಒಮ್ಮೆ ಚುಚ್ಚಲೇ ಎಂದು ಕೇಳಿದ. ಭಾವ ಸೂಜಿ ಕೊಟ್ಟ.

ಟೆಸ್ಟರ್ ಗೋಡೆಯ ಕಡೆಯೇ ಮುಖ ಮಾಡಿಕೊಂಡು, ಇವರಿಗೂ ಕಚ್ಚಿತ್ತು ಎಂದು ಅತ್ತೆಯ ಮಾತು ಹೇಳಿದ. ಒಲೆಯ ಮೇಲಿನ ಪಾತ್ರೆಯ ಮಾತು, ಹೊರಗಿನಿಂದ ಸ್ವಿಚ್ ಹಾಕಿದ ಮಾತು, ಎಲ್ಲ ಹೇಳಿದ. ಜೀವಮಾನದಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಅತ್ತೆ ಕದಲಲಿಲ್ಲ. "ನಾನು ಹಾಗಂದ್ನಾ? ಕೈಗೇ ಗೊತ್ತಾಗದವನ ಕಿವಿಗೆ ಏನು ಕೇಳ್ತೋ ಏನೋ" ಎಂದಳು.

ಎಲ್ಲರೂ ನಕ್ಕರು. ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ನಗು ನಿಂತ ಮೇಲೆ ಅಕ್ಕನ ಗಂಡ ಕಾಯಿಲನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಮುಖ ಅರಳಿತು. ಹಾಗಾದರೆ ಹುಡುಗಿಯ ತಲೆ ಸರಿಯಾಗಿಯೇ ಇದೆ ಎಂದ. ಕೆಟ್ಟಿದ್ದು ಗೀಸರ್. ಈಗ ರಿಪೇರಿ ಆಗಿದೆಯೇ ಎಂದು ಟೆಸ್ಟರನನ್ನು ಕೇಳಿದ. ಆಗಿದೆ ಎಂದ ಟೆಸ್ಟರ್. ಕರೆಂಟ್ ಇಲ್ಲ ತಾನೆ? ಇಲ್ಲ. ಮತ್ತೆ ಸಂಬಂಧ ಹರಿಯುವ ಮಾತು ಯಾಕೆ ಬಂತು? ಹುಚ್ಚಿಯಾದರೆ ನೀವು ಬಿಟ್ಟರೂ ನಾವು ಇಟ್ಟುಕೊಳ್ಳಬೇಕಿತ್ತು. ಹುಚ್ಚಿಯಲ್ಲದವಳು ಗಂಡನ ಮನೆಯಲ್ಲಿರಬೇಕು. ನಮ್ಮದು ಇರುವುದೇ ಎರಡು ಕೋಣೆ.

ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕುವವಳ ಹಾಗೆ ಸೊಸೆಯನ್ನು ನೋಡಿದಳು. ಮನೆಯಲ್ಲಿ ಪಾತ್ರೆ ತೊಳೆಯುವವರು ಇಲ್ಲದೆ ಅತ್ತೆಯ ಕೈಯೂ ಒಡೆದಿತ್ತು. ಆಯಿತು, ನಾವೇನು ಕಟುಕರೇ, ಬಟ್ಟೆ ಕಟ್ಟಿಕೊಳ್ಳಲಿ ಎಂದಳು.

ಸೊಸೆ ಅಕ್ಕನ ಮುಖ ನೋಡಿದಳು. ಅಕ್ಕ ನೆಲ ನೋಡಿದಳು. ಸೊಸೆ ಹಚ್ಚುತ್ತಿದ್ದ ಗುಂಡಿಯನ್ನು ಹಚ್ಚಿ ಮುಗಿಸಿ, ದಾರ ಹಲ್ಲಿನಿಂದ ಕಡಿದು, ಅಂಗಿ ಮಡಿಸಿಟ್ಟು ಒಳಗೆ ಹೋದಳು.

ಮೆಟ್ಟಿಲಿನ ಕೆಳಗೆ ಟೆಸ್ಟರ್ ಕಾದು ನಿಂತಿದ್ದ. ಭಾವ ಮಗನ ಜೊತೆ ಮುಂದೆ ಹೋಗಿದ್ದ. ಸೊಸೆ ಚೀಲ ಹಿಡಿದು ಇಳಿದು ಬಂದಳು. ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದುಕೊಂಡಿದ್ದ ಅವನು. ಅವಳು ನಿಂತಳು.

"ಅವತ್ತು ನಿಮಗೆ ಗೊತ್ತಿತ್ತಾ, ಕೈ ಸತ್ತಿದ್ದು?"

"ಇಲ್ಲ. ಆಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೆ ಬಂದ್ರಾ?"

ಅವನು ಇಲ್ಲ ಎಂದು ತಲೆ ಆಡಿಸಿದ.

"ಬರಬೇಕಾದಾಗ ಬರಲಿಲ್ಲ. ಇವತ್ತು ಬಂದ್ರಿ." ಅವಳ ದನಿ ಮೆಲ್ಲಗೇ ಇತ್ತು. "ಹುಚ್ಚಿ ಅನ್ನಿಸ್ಕೊಂಡು ಇಲ್ಲಿ ಚೆನ್ನಾಗಿದ್ದೆ. ನಿಮ್ಮನ್ನ ಯಾರು ಕೇಳಿದ್ರು?"

ಮೇಲಿನಿಂದ ಅತ್ತೆ ಇಳಿಯುವ ಸದ್ದು ಬಂತು. ಸೊಸೆ ಚೀಲ ಎತ್ತಿಕೊಂಡು ಬೀದಿಗೆ ಹೋದಳು.

ದಾರಿಯಲ್ಲಿ ಭಾವ ಶಿಳ್ಳೆ ಹಾಕುತ್ತಿದ್ದ. ಕೋಣೆಗೆ ಬಂದ ಟೆಸ್ಟರ್ ಆದದ್ದು ಹೇಳಿದ. ಹೆಂಡತಿ ಬೈಯಲಿಲ್ಲ, ಅಳಲಿಲ್ಲ, ಎದ್ದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಬೆಳಿಗ್ಗೆ ಅವನು ಅಂಗಡಿಗೆ ಹೋಗುವಾಗ ರಸ್ತೆಯಲ್ಲಿ ಸ್ಟೂಲ್ ಇರುತ್ತದೆ ಎಂದುಕೊಂಡೇ ಹೋದ.

ಸ್ಟೂಲು ರಸ್ತೆಯಲ್ಲಿರಲಿಲ್ಲ. ಹಿಂದಿನ ಅಂಗಳದಲ್ಲಿತ್ತು, ಆಸಿಡ್ ತೊಟ್ಟಿಯ ಪಕ್ಕ. ಸುಣ್ಣ ಕಟ್ಟಿದ ಕಾಯಿಲುಗಳನ್ನು ಆ ತೊಟ್ಟಿಯಲ್ಲಿ ಮುಳುಗಿಸಿ, ಸುಣ್ಣ ಕರಗಿದ ಮೇಲೆ ತೆಗೆದು ತಿಕ್ಕುವುದು. ದಪ್ಪ ಗ್ಲೌಸ್ ಹಾಕಿಕೊಂಡು ಇಕ್ಕಳದಲ್ಲಿ ಮಾಡುವ ಕೆಲಸ. ಕಾಯಿಲ್ ಜಾರುತ್ತದೆ, ಆಸಿಡ್ ಸಿಡಿಯುತ್ತದೆ, ತಡವಾಗುತ್ತದೆ. ಯಾರೂ ಅದಕ್ಕೆ ನಿಲ್ಲುತ್ತಿರಲಿಲ್ಲ. ಭಾವನೇ ವಾರಕ್ಕೊಮ್ಮೆ ಗೊಣಗಿಕೊಂಡು ಮಾಡುತ್ತಿದ್ದ.

"ರಾತ್ರಿಯೆಲ್ಲ ಯೋಚನೆ ಮಾಡಿದೆ" ಎಂದ ಭಾವ. "ಮನೆ ಅಳಿಯನ್ನ ಬೀದಿಗೆ ಹಾಕೋಕಾಗುತ್ತಾ? ನೋವೇ ಆಗದ ಕೈ ಎಷ್ಟು ಜನಕ್ಕಿದೆ ಹೇಳು. ನಿನಗೆ ಇಕ್ಕಳ ಯಾಕೆ, ಗ್ಲೌಸ್ ಯಾಕೆ."

ಟೆಸ್ಟರ್ ಕೋಣೆಯ ಕಡೆ ನೋಡಿದ. ಹೆಂಡತಿ ಬಾಗಿಲಲ್ಲಿ ಗೋಣಿಚೀಲ ಹಿಡಿದುಕೊಂಡು ನಿಂತಿದ್ದಳು. ಅವಳು ಅಣ್ಣನ ಮುಖ ನೋಡಿದಳು, ತೊಟ್ಟಿ ನೋಡಿದಳು. ಚೀಲವನ್ನು ಒಳಗೆ ತಗೊಂಡು ಹೋಗಿ ಪಾತ್ರೆಗಳನ್ನು ಮತ್ತೆ ಒಂದೊಂದಾಗಿ ಗೂಡಿನಲ್ಲಿ ಜೋಡಿಸಿದಳು. ಆ ಸದ್ದು ಅಂಗಳಕ್ಕೆ ಕೇಳಿಸುತ್ತಿತ್ತು.

ಟೆಸ್ಟರ್ ಕೂತು ಕೈ ಇಳಿಸಿದ.

ಈಗಲೂ ಜನ ನೋಡಲು ಬರುತ್ತಾರೆ. ಭಾವ ಗಿರಾಕಿಗಳನ್ನು ಹಿಂದಿನ ಅಂಗಳಕ್ಕೆ ಕರೆತಂದು ತೋರಿಸುತ್ತಾನೆ. ತೊಟ್ಟಿ ಬುಸುಗುಟ್ಟುವಾಗ ಅದರೊಳಗೆ ಬರಿಗೈ ಆಡುವುದನ್ನು ನೋಡಿ ಅವರು ಹಿಂದೆ ಸರಿಯುತ್ತಾರೆ, ಆದರೆ ಹೋಗುವುದಿಲ್ಲ. ಒಂದು ದಿನ ಮೂರನೇ ಮಹಡಿಯ ಮಗನೂ ಬಂದಿದ್ದ, ಏನೋ ವಾಷರ್ ಬೇಕೆಂದು. ಗೀಸರ್ ಹೇಗಿದೆ ಎಂದು ಭಾವ ಕೇಳಿದ. ಚೆನ್ನಾಗಿದೆ, ಅಮ್ಮ ಈಗ ಅದರಲ್ಲೇ ಸ್ನಾನ ಮಾಡುತ್ತಾಳೆ ಎಂದ ಮಗ.

ಟೆಸ್ಟರ್ ತೊಟ್ಟಿಯಿಂದ ತಲೆ ಎತ್ತಿ, ಅವರು, ಎಂದ. ಅದಕ್ಕಿಂತ ಹೆಚ್ಚು ಕೇಳುವುದು ಅವನಿಂದಾಗಲಿಲ್ಲ.

"ಅವಳಾ? ಅವಳಿಗೆ ತಣ್ಣೀರು. ಹೊಸ ಕಾಯಿಲ್, ಸುಮ್ಮನೆ ಸವೆಯುತ್ತೆ ಅಂತಾಳೆ ಅಮ್ಮ."

ಭಾವನಿಗೆ ನಗು ತಡೆಯಲಾಗಲಿಲ್ಲ. ಮಗನೂ ನಕ್ಕು ವಾಷರ್ ಜೇಬಿಗೆ ಹಾಕಿಕೊಂಡು ಹೋದ.

ಟೆಸ್ಟರ್ ಉಳಿದ ಕಾಯಿಲುಗಳನ್ನು ತೆಗೆದು ಬಿಸಿಲಿಗೆ ಸಾಲಾಗಿ ಇಟ್ಟ. ಆಮೇಲೆ ನಲ್ಲಿಯ ಕೆಳಗೆ ಕೈ ಹಿಡಿದು ನೀರು ಬಿಟ್ಟುಕೊಂಡ. ಒಂದೊಂದೇ ಬೆರಳನ್ನು ಬೆಳಕಿಗೆ ತಿರುಗಿಸಿ, ಎಲ್ಲೆಲ್ಲಿ ಚರ್ಮ ಹೋಗಿದೆ ಎಂದು ಕಣ್ಣಿನಿಂದ ಹುಡುಕತೊಡಗಿದ.